ಗುಳಿಗೆಯ ಜೊತೆಗೆ ಹಿಡಿ ಸೊಪ್ಪು: ರಕ್ತಹೀನತೆ ಮತ್ತು ಮನೆಯ ಕೈತೋಟ



ಡಿಸ್ಚಾರ್ಜ್ ಚೀಟಿ ಕೈಗೆ ಬಂದ ಕೂಡಲೇ ಹೆಚ್ಚಿನವರು ನಮ್ಮನ್ನು ಕೇಳುವುದು ಇಷ್ಟೇ: “ಸಿಸ್ಟರ್, ಮನೆಗೆ ಹೋದ ಮೇಲೆ ಏನು ಉಣ್ಣಬೇಕು?” ರಕ್ತ ಕಡಿಮೆ ಇದೆ ಎಂದು ದಾಖಲಾದವರಿಗೆ ನಾವು ಮೊದಲು ಗುಳಿಗೆಯ ವಿಷಯ ಹೇಳುತ್ತೇವೆ, ಆಮೇಲೆ ಸೊಪ್ಪಿನ ವಿಷಯ. “ದಿನಾಲು ಸೊಪ್ಪು ತಿನ್ನಿ” ಎನ್ನುವುದು ಸುಲಭ. ಆದರೆ ವಾರಕ್ಕೊಮ್ಮೆ ಸಂತೆ ಕೂಡುವ ಊರಿನಲ್ಲಿ, ಕೂಲಿ ದುಡ್ಡಿನಲ್ಲಿ ಸಂಸಾರ ತೂಗಿಸುವವರಿಗೆ ದಿನಾಲು ಸೊಪ್ಪು ಎಲ್ಲಿಂದ ಬರಬೇಕು? ಆ ಪ್ರಶ್ನೆಗೆ ಉತ್ತರವಾಗಿ ಈ ಕೆಲವು ಪುಟಗಳನ್ನು ಬರೆದಿದ್ದೇವೆ. ದೊಡ್ಡ ಹಿತ್ತಲು ಇಲ್ಲದಿದ್ದರೂ ಚಿಂತೆಯಿಲ್ಲ. ನಾಲ್ಕೈದು ಹಳೆಯ ಚೀಲ, ಒಂದು ನುಗ್ಗೆ ಟೊಂಗೆ ಮತ್ತು ದಿನಕ್ಕೆ ಹತ್ತು ನಿಮಿಷ ಇದ್ದರೆ ಕೆಲಸ ಪ್ರಾರಂಭಿಸಬಹುದು.

ಮತ್ತೆ ಬಂದ ತಾಯಿ

ಕೆಲವು ವರ್ಷಗಳ ಹಿಂದೆ ಹಳ್ಳಿಯ ಒಬ್ಬ ತಾಯಿ ನಮ್ಮ ವಾರ್ಡಿಗೆ ದಾಖಲಾಗಿದ್ದರು. ಹಿಮೋಗ್ಲೋಬಿನ್ 6.4. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಎದೆ ಡವಡವ. ಚಿಕಿತ್ಸೆಯಾಯಿತು, ರಕ್ತ ಕೊಡಲಾಯಿತು, 9ರ ಮೇಲೆ ಬಂದ ಮೇಲೆ ಗುಳಿಗೆ ಬರೆದು ಮನೆಗೆ ಕಳಿಸಿದೆವು. ನಾಲ್ಕು ತಿಂಗಳಿಗೆ ಅವರು ಮತ್ತೆ ಬಂದರು. ಈ ಸಲ 7.2.

ಗುಳಿಗೆ ಏನಾಯಿತೆಂದು ಕೇಳಿದೆ. “ನುಂಗಿದ್ರ ಹೊಟ್ಟಿ ಉರೀತಿತ್ರಿ ಸಿಸ್ಟರ್, ಹೊರಕಡಿ ಕರ್ರಗ ಆಗ್ತಿತ್ತು. ಅಂಜಿಕಿ ಬಂದು ಬಿಟ್ಟೆ,” ಎಂದರು. ಸೊಪ್ಪು ತಿನ್ನುತ್ತಿದ್ದೀರಾ ಎಂದು ಕೇಳಿದಾಗ ಅವರ ಮುಖ ಅರಳಿತು. ಅವರ ಹಿತ್ತಲಿನಲ್ಲಿ ನುಗ್ಗೆ ಗಿಡವಿತ್ತು, ರಾಜಗಿರಿ ಇತ್ತು, ಪುಂಡಿ ಪಲ್ಯವಿತ್ತು. ಎಲ್ಲ ಅವರೇ ಬೆಳೆಸಿದ್ದು. ಹಾಗಾದರೆ ರಕ್ತ ಯಾಕೆ ಇಳಿಯಿತು? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮನಿ ಮಂದಿ ಉಂಡ ಮ್ಯಾಲ ಏನ್ ಉಳೀತದೋ ಅದ ನಂದ್ರಿ.” ಉಳಿಯುತ್ತಿದ್ದುದು ರೊಟ್ಟಿ ಮತ್ತು ಖಾರ. ಸಿವುಡು ಕಟ್ಟಿದ ಸೊಪ್ಪು ಸಂತೆಗೆ ಹೋಗುತ್ತಿತ್ತು.

ಆ ದಿನ ನನಗೆ ತಿಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸೊಪ್ಪು ಬೆಳೆಯುವುದು ಕೆಲಸದ ಒಂದು ಭಾಗ ಮಾತ್ರ. ಅದನ್ನು ಸರಿಯಾಗಿ ಬೇಯಿಸಬೇಕು, ಅದು ರಕ್ತ ಕಡಿಮೆ ಇರುವವರ ತಟ್ಟೆಗೇ ಬೀಳಬೇಕು, ಅದರ ಜೊತೆಗೆ ಗುಳಿಗೆಯೂ ನಡೆಯಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪಟ್ಟ ಶ್ರಮ ವ್ಯರ್ಥವಾಗುತ್ತದೆ.

ರಕ್ತಹೀನತೆ ಎಂದರೇನು?

ನಮ್ಮ ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ವಸ್ತುವಿದೆ. ಉಸಿರಿನಿಂದ ಬಂದ ಆಮ್ಲಜನಕವನ್ನು ಮೈಯ ಎಲ್ಲ ಭಾಗಕ್ಕೆ ಒಯ್ಯುವುದು ಇದರ ಕೆಲಸ. ಇದನ್ನು ತಯಾರಿಸಲು ದೇಹಕ್ಕೆ ಕಬ್ಬಿಣದ ಅಂಶ ಬೇಕು. ಗರ್ಭಿಣಿಯಲ್ಲದ ಹೆಂಗಸರಲ್ಲಿ 12, ಗರ್ಭಿಣಿಯರಲ್ಲಿ 11, ಗಂಡಸರಲ್ಲಿ 13 ಗ್ರಾಂಗಿಂತ (100 ಮಿಲಿ ಲೀಟರ್ ರಕ್ತದಲ್ಲಿ) ಕಡಿಮೆ ಇದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಸುಸ್ತು, ತಲೆಸುತ್ತು, ಏದುಸಿರು, ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಳ್ಳುವುದು, ಮಣ್ಣು ಅಥವಾ ಬಳಪ ತಿನ್ನಬೇಕೆನಿಸುವುದು ಇದರ ಲಕ್ಷಣಗಳು.

ಇದು ಯಾರೋ ಒಬ್ಬಿಬ್ಬರ ತೊಂದರೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ, ಕರ್ನಾಟಕದಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಗರ್ಭಿಣಿಯಲ್ಲಿ ರಕ್ತ ಬಹಳ ಕಡಿಮೆ ಇದ್ದರೆ ಹೆರಿಗೆಯ ಸಮಯದಲ್ಲಿ ಆಗುವ ಸಾಮಾನ್ಯ ರಕ್ತಸ್ರಾವವೂ ಜೀವಕ್ಕೆ ಅಪಾಯ ತರಬಹುದು. ಮಗು ಕಡಿಮೆ ತೂಕದ್ದಾಗಿ ಹುಟ್ಟಬಹುದು.

ಸೊಪ್ಪೊಂದೇ ಸಾಕೇ?

ಸಾಲದು. ಇದನ್ನು ಲೆಕ್ಕ ಹಾಕಿಯೇ ನೋಡೋಣ. ಹೆಂಗಸಿಗೆ ದಿನಕ್ಕೆ ಸುಮಾರು 29 ಮಿಲಿಗ್ರಾಂ ಕಬ್ಬಿಣ ಆಹಾರದಲ್ಲಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. 100 ಗ್ರಾಂ ನುಗ್ಗೆ ಸೊಪ್ಪಿನಲ್ಲಿ ಇರುವುದು ಸುಮಾರು ನಾಲ್ಕೂವರೆ ಮಿಲಿಗ್ರಾಂ. ಹಸಿರು ಹರಿವೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ, ಕೆಂಪು ಹರಿವೆಯಲ್ಲಿ ಸ್ವಲ್ಪ ಹೆಚ್ಚು. ಅದರಲ್ಲಿಯೂ ಮೈಗೆ ಹತ್ತುವುದು ಒಂದು ಪಾಲು ಮಾತ್ರ. ಉಳಿದದ್ದು ಜೋಳ, ರಾಗಿ, ಸಜ್ಜೆ, ಬೇಳೆಕಾಳುಗಳಿಂದ ಬರಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಕೊಡುವ ಒಂದು ಕಬ್ಬಿಣದ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ.

ಇದನ್ನು ಬಾವಿಗೆ ಹೋಲಿಸಬಹುದು. ಬತ್ತಿದ ಬಾವಿಯನ್ನು ಬೇಗ ತುಂಬಿಸುವುದು ಗುಳಿಗೆಯ ಕೆಲಸ. ತುಂಬಿದ ಬಾವಿ ಮತ್ತೆ ಬತ್ತದಂತೆ ದಿನಾಲು ಒರತೆ ಕೊಡುವುದು ಊಟದ ಕೆಲಸ. ಹಿಮೋಗ್ಲೋಬಿನ್ ಸರಿಯಾದ ಮೇಲೂ ದೇಹದ ಉಗ್ರಾಣ ತುಂಬಲು ಸುಮಾರು ಮೂರು ತಿಂಗಳು ಗುಳಿಗೆ ಮುಂದುವರಿಸಬೇಕಾಗುತ್ತದೆ. ಆದ್ದರಿಂದ ವೈದ್ಯರು ಹೇಳುವ ತನಕ ಗುಳಿಗೆ ನಿಲ್ಲಿಸಬೇಡಿ. ಮಲ ಕಪ್ಪಗಾಗುವುದು ಸಹಜ, ಅದಕ್ಕೆ ಹೆದರಬೇಡಿ. (ಆದರೆ ಗುಳಿಗೆ ತೆಗೆದುಕೊಳ್ಳದವರಿಗೆ ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ಹೋದರೆ ತಡಮಾಡದೆ ಬನ್ನಿ.) ಹೊಟ್ಟೆ ಉರಿದರೆ ಊಟವಾದ ಮೇಲೆ ನುಂಗಿ, ಆಗಲೂ ಉರಿದರೆ ನಮಗೆ ತಿಳಿಸಿ. ಬೇರೆ ಬಗೆಯ ಗುಳಿಗೆ ಅಥವಾ ಔಷಧ ಬದಲಿಸಿ ಕೊಡಲು ಬರುತ್ತದೆ.

ಯಾವ ಗಿಡಗಳನ್ನು ಆರಿಸಬೇಕು?

ನಮ್ಮ ಬಯಲುಸೀಮೆಯಲ್ಲಿ ಬಿಸಿಲು ಧಾರಾಳ, ನೀರು ಕಡಿಮೆ. ಈ ಹವೆಗೆ ಒಗ್ಗುವ, ಕಡಿದಷ್ಟೂ ಚಿಗುರುವ ಗಿಡಗಳನ್ನೇ ಮೊದಲು ಹಚ್ಚಿರಿ.

ನುಗ್ಗೆ: ಒಂದು ಮನೆಗೆ ಒಂದು ಗಿಡ ಸಾಕು. ಮಣಿಕಟ್ಟಿನಷ್ಟು ದಪ್ಪದ, ಮೂರು ನಾಲ್ಕು ಅಡಿ ಉದ್ದದ ಟೊಂಗೆಯನ್ನು ನೆಟ್ಟರೂ ಬರುತ್ತದೆ, ಬೀಜದಿಂದಲೂ ಬರುತ್ತದೆ. ನೀರು ನಿಲ್ಲುವ ಜಾಗ ಬೇಡ, ಬೇರು ಕೊಳೆಯುತ್ತದೆ. ಮೂರು ನಾಲ್ಕು ಅಡಿ ಬೆಳೆದ ಮೇಲೆ ತುದಿ ಚಿವುಟಿದರೆ ಪೊದೆಯಾಗಿ ಕವಲೊಡೆಯುತ್ತದೆ, ಸೊಪ್ಪು ಕೈಗೆಟುಕುತ್ತದೆ. ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ-1, ಬೆಳಗಾವಿ ಜಿಲ್ಲೆಯ ಅರಭಾವಿ ತೋಟಗಾರಿಕೆ ಕಾಲೇಜಿನ ‘ಭಾಗ್ಯ’ ತಳಿಗಳು ಬೀಜದಿಂದಲೇ ಬೇಗ ಫಲಕ್ಕೆ ಬರುವಂಥವು. ಮನೆಯ ಹತ್ತಿರ ನುಗ್ಗೆ ಇರಬಾರದೆಂದು ಕೆಲವರು ಹೇಳುತ್ತಾರೆ. ಅದರ ಟೊಂಗೆ ಬಹಳ ಪೆಡಸು, ಮಕ್ಕಳು ಹತ್ತಿದರೆ ಮುರಿದು ಬೀಳುತ್ತಾರೆ, ಮಳೆಗಾಲದಲ್ಲಿ ಕಾಂಡಕ್ಕೆ ಕಂಬಳಿ ಹುಳು ಮುತ್ತುತ್ತದೆ. ಎತ್ತರ ಬೆಳೆಯಲು ಬಿಡದೆ ಕತ್ತರಿಸುತ್ತಿದ್ದರೆ ಬೀಳುವ ಭಯವಿಲ್ಲ, ಹುಳು ಬಂದರೂ ಕೂಡಲೇ ಕಣ್ಣಿಗೆ ಬೀಳುತ್ತದೆ.

ಹರಿವೆ (ನಮ್ಮ ಕಡೆ ರಾಜಗಿರಿ): ಬೇಸಿಗೆಯಲ್ಲಿಯೂ ಬರುವ ಸೊಪ್ಪು ಇದು. ಬಿತ್ತಿದ 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಬೇರುಸಹಿತ ಕೀಳದೆ ಬುಡದಿಂದ ಎರಡು ಮೂರು ಇಂಚು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ತಳಿ ಹೀಗೆ ಹಲವು ಸಲ ಕೊಯ್ಯಲೆಂದೇ ಇದೆ.

ಪುಂಡಿ: ಮುಂಗಾರಿನಲ್ಲಿ ಬಿತ್ತಿದರೆ ಆರೈಕೆ ಕೇಳದೆ ಬೆಳೆಯುತ್ತದೆ.

ಮೆಂತ್ಯ: ತಂಪು ದಿನಗಳ ಬೆಳೆ. ಅಡುಗೆಮನೆಯ ಡಬ್ಬಿಯಲ್ಲಿರುವ ಮೆಂತ್ಯವನ್ನೇ ರಾತ್ರಿ ನೆನೆಸಿ ಬಿತ್ತಬಹುದು. ಎಳೆಯದನ್ನು ಹತ್ತು ಹನ್ನೆರಡು ದಿನಕ್ಕೇ ಕತ್ತರಿಸಬಹುದು, ಬಲಿತದ್ದಕ್ಕೆ ಒಂದು ತಿಂಗಳು ಹಿಡಿಯುತ್ತದೆ.

ಬಸಳೆ: ಗೇಣುದ್ದದ ಬಳ್ಳಿ ತುಂಡು ನೆಟ್ಟರೆ ಸಾಕು. ಬಚ್ಚಲ ಪಕ್ಕದ ಅರೆನೆರಳಿನಲ್ಲಿ ಗೋಡೆಗೆ ದಾರ ಕಟ್ಟಿದರೆ ಹಬ್ಬುತ್ತದೆ.

ಲಿಂಬೆ, ಪೇರಲ, ಪಪ್ಪಾಯಿ: ಜಾಗವಿದ್ದವರು ಇವುಗಳಲ್ಲಿ ಒಂದನ್ನಾದರೂ ಹಚ್ಚಿರಿ. ಇವುಗಳಲ್ಲಿ ಕಬ್ಬಿಣ ಹೆಚ್ಚಿಲ್ಲ. ಆದರೆ ಇವುಗಳಲ್ಲಿರುವ ‘ಸಿ’ ಜೀವಸತ್ವವು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಬೀಜದ ಪಪ್ಪಾಯಿಯಲ್ಲಿ ಗಂಡು ಗಿಡ ಬರುವುದುಂಟು. ಆದ್ದರಿಂದ ಎರಡು ಮೂರು ಸಸಿ ಹಚ್ಚಿ, ಹೂ ಬಿಟ್ಟ ಮೇಲೆ ಬೇಡವಾದದ್ದನ್ನು ತೆಗೆಯಿರಿ.

ಪಾಲಕ್ ಸೊಪ್ಪಿನ ಬಗ್ಗೆ ಒಂದು ಮಾತು. ರಕ್ತಕ್ಕೆ ಪಾಲಕ್ ಬಹಳ ಒಳ್ಳೆಯದೆಂಬ ಹೆಸರಿದೆ. ಅದರಲ್ಲಿ ಆಕ್ಸಲೇಟ್ ಎಂಬ ಅಂಶ ಹೆಚ್ಚಿರುವುದರಿಂದ ಅದರ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ತಿನ್ನಬಾರದೆಂದಲ್ಲ, ಅದೊಂದನ್ನೇ ನಂಬಬಾರದು.

ಚೀಲದಲ್ಲಿ ಬೆಳೆಯುವ ವಿಧಾನ

1. ಜಾಗ: ದಿನಕ್ಕೆ ನಾಲ್ಕೈದು ತಾಸು ಬಿಸಿಲು ಬೀಳುವ, ಅಡುಗೆ ಮಾಡುವವರಿಗೆ ಹತ್ತಿರವಾದ ಜಾಗ ಆರಿಸಿ. ದೂರದ ತೋಟಕ್ಕಿಂತ ಅಡುಗೆಮನೆ ಬಾಗಿಲಲ್ಲಿರುವ ಚೀಲದಿಂದಲೇ ಸೊಪ್ಪು ದಿನಾಲು ಪಾತ್ರೆಗೆ ಬೀಳುತ್ತದೆ.

2. ಚೀಲ: ಅಕ್ಕಿ ಚೀಲ, ಒಡೆದ ಬಕೆಟ್, ಎಣ್ಣೆ ಡಬ್ಬಿ ಯಾವುದೂ ಆಗಬಹುದು. ಒಂದು ಗೇಣು ಆಳವಿರಬೇಕು. ತಳದಲ್ಲಿ ತೂತು ಮಾಡಲೇಬೇಕು. ಕೀಟನಾಶಕ ಅಥವಾ ಬಣ್ಣ ಇಟ್ಟಿದ್ದ ಡಬ್ಬಿ ಎಷ್ಟು ತೊಳೆದರೂ ಬೇಡ.

3. ಮಣ್ಣು: ಬರೀ ಎರೆಮಣ್ಣು ತುಂಬಿದರೆ ನೀರು ನಿಂತು ಬೇರು ಕೊಳೆಯುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಮಸಾರಿ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ಮರಳು ಅಥವಾ ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಿ. ಹಸಿ ಸಗಣಿ ಹಾಕಬಾರದು. ಅದು ಬೇರನ್ನು ಸುಡುತ್ತದೆ, ರೋಗಾಣುಗಳನ್ನೂ ತರುತ್ತದೆ.

4. ಬಿತ್ತನೆ: ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಒಣ ಮರಳಿನೊಂದಿಗೆ ಕಲಸಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಚೆಲ್ಲಿ. ಆಳಕ್ಕೆ ಹೂತರೆ ಮೊಳೆಯುವುದಿಲ್ಲ. ಮೊಳಕೆ ಬರುವ ತನಕ ಇರುವೆ ಒಯ್ಯದಂತೆ, ಕೋಳಿ ಕೆದರದಂತೆ ನೋಡಿಕೊಳ್ಳಿ.

5. ಸರದಿ: ಇದು ಎಲ್ಲಕ್ಕಿಂತ ಮುಖ್ಯ. ಎಲ್ಲ ಚೀಲಕ್ಕೂ ಒಂದೇ ದಿನ ಬಿತ್ತಬೇಡಿ. ಒಟ್ಟಿಗೆ ಬಂದ ಸೊಪ್ಪು ನಾಲ್ಕು ದಿನ ಉಂಡು, ಉಳಿದದ್ದು ಬಲಿತು ದನಕ್ಕೆ ಹೋಗುತ್ತದೆ. ಆಮೇಲೆ ತಿಂಗಳು ಪೂರ್ತಿ ಸೊಪ್ಪಿಲ್ಲ. ಮೊದಲ ಚೀಲ ಇಂದು, ಎರಡನೆಯದು ಹತ್ತು ದಿನದ ನಂತರ, ಮೂರನೆಯದು ಮತ್ತೆ ಹತ್ತು ದಿನದ ನಂತರ ಬಿತ್ತಿ. ಮೂರನೆಯದು ಬಿತ್ತಿ ವಾರವಾಗುವಷ್ಟರಲ್ಲಿ ಮೊದಲನೆಯದು ಕೊಯ್ಲಿಗೆ ಬಂದಿರುತ್ತದೆ.

6. ನೀರು: ಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿ. ಒಳಗೆ ತೇವವಿದ್ದರೆ ನೀರು ಬೇಡ. ನಾನು ಮೊದಲ ಸಲ ಕ್ವಾರ್ಟರ್ಸಿನ ಮುಂದೆ ಮೂರು ಕುಂಡದಲ್ಲಿ ಮೆಂತ್ಯ ಹಾಕಿದಾಗ, ಡ್ಯೂಟಿಗೆ ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ನೀರು ಹೊಯ್ದು ಅಷ್ಟೂ ಸಸಿಗಳನ್ನು ಕೊಳೆಸಿದ್ದೆ. ಒಣಗುವುದಕ್ಕಿಂತ ಹೆಚ್ಚಾಗಿ ಅತಿಯಾದ ನೀರಿನಿಂದಲೇ ಕುಂಡದ ಗಿಡಗಳು ಸಾಯುತ್ತವೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಹಾಕಬಹುದು. ಸೋಪಿನ ನೀರನ್ನು ಬಾಳೆಗೆ ಬಿಡಿ, ಸೊಪ್ಪಿಗೆ ಬೇಡ. ಚರಂಡಿ ನೀರು ಯಾವುದಕ್ಕೂ ಬೇಡ.

7. ಬೇಸಿಗೆ: ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಬಿಸಿಲಿಗೆ ಹಳೆಯ ಸೀರೆಯನ್ನು ಚಪ್ಪರದಂತೆ ಕಟ್ಟಿ. ಮಣ್ಣಿನ ಮೇಲೆ ಒಣ ಎಲೆ ಅಥವಾ ಕಬ್ಬಿನ ರವದಿ ಹೊದಿಸಿದರೆ ತೇವ ಉಳಿಯುತ್ತದೆ. ಬೆಳಿಗ್ಗೆ ಬೇಗ ಅಥವಾ ಹೊತ್ತು ಇಳಿದ ಮೇಲೆ ನೀರು ಕೊಡಿ. ಈ ತಿಂಗಳುಗಳಲ್ಲಿ ಹರಿವೆ, ಬಸಳೆ, ನುಗ್ಗೆ ಕೈಬಿಡುವುದಿಲ್ಲ. ಮೆಂತ್ಯ, ಪಾಲಕ್, ಕೊತ್ತಂಬರಿಯನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳಿ.

8. ಹುಳು: ಹೊಲಕ್ಕೆ ತಂದ ಔಷಧದ ಬಾಟಲಿಯನ್ನು ಕೈತೋಟಕ್ಕೆ ತರಬೇಡಿ. ಇಂದು ಹೊಡೆದು ನಾಳೆ ಕೊಯ್ದ ಸೊಪ್ಪು ಉಣ್ಣುವವರಿಗೆ ವಿಷವೇ. ಹುಳು ಬಂದ ಎಲೆ ಕಿತ್ತು ಹಾಕಿ. ಹೆಚ್ಚಾದರೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಚಿಟಿಕೆ ಸೋಪಿನ ಪುಡಿ ಸೇರಿಸಿ ಸಂಜೆ ಸಿಂಪಡಿಸಿ. ಕೆಲವು ದಿನ ಬಿಟ್ಟು, ಚೆನ್ನಾಗಿ ತೊಳೆದು ಬಳಸಿ.

ಬೀಜ, ಸಸಿಗಳಿಗಾಗಿ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ನರ್ಸರಿ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ನೆರೆಮನೆಯವರ ಹಿತ್ತಲಿನ ಟೊಂಗೆ, ಬಳ್ಳಿಗೆ ದುಡ್ಡೇ ಬೇಕಾಗಿಲ್ಲ.

ಒಲೆಯ ಮೇಲೆ ಮತ್ತು ತಟ್ಟೆಯಲ್ಲಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ದೊಡ್ಡವರು ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು ತಿನ್ನಬೇಕೆಂದು ಹೇಳುತ್ತದೆ. ಬಿಡಿಸಿದ ಎಲೆ ಎರಡು ದೊಡ್ಡ ಹಿಡಿ ಎಂದಿಟ್ಟುಕೊಳ್ಳಿ.

• ಸೊಪ್ಪನ್ನು ಮೊದಲು ಎರಡು ಮೂರು ನೀರಿನಲ್ಲಿ ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಸತ್ವ ನೀರಿಗೆ ಹೋಗುತ್ತದೆ.
• ಬೇಯಿಸಿದ ನೀರನ್ನು ಚೆಲ್ಲಬೇಡಿ, ಕಟ್ಟಿನ ಸಾರಿಗೆ ಬಳಸಿ. ರಕ್ತಕ್ಕೆ ಬೇಕಾದ ಫೋಲಿಕ್ ಆಮ್ಲ ಆ ನೀರಿನಲ್ಲಿ ಕರಗಿರುತ್ತದೆ.
• ಬಹಳ ಹೊತ್ತು ಕುದಿಸಬೇಡಿ. ಸೋಡಾ ಹಾಕಬೇಡಿ.
• ಲಿಂಬೆ ರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಕುದಿಯುವಾಗ ಹಾಕಿದರೆ ‘ಸಿ’ ಜೀವಸತ್ವ ನಾಶವಾಗುತ್ತದೆ.
• ಸೊಪ್ಪಿಗೆ ಹೆಸರುಬೇಳೆ, ಕಡಲೆಬೇಳೆ, ಮೊಳಕೆ ಬರಿಸಿದ ಮಡಿಕೆ ಅಥವಾ ಹೆಸರುಕಾಳು ಸೇರಿಸಿ.
• ಊಟದ ಜೊತೆಗೆ, ಊಟವಾದ ಕೂಡಲೇ ಚಹಾ, ಕಾಫಿ ಬೇಡ. ಅವು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಕನಿಷ್ಠ ಒಂದು ತಾಸು ಬಿಡಿ. ಗುಳಿಗೆಯನ್ನು ಚಹಾ, ಹಾಲಿನೊಂದಿಗೆ ನುಂಗಬೇಡಿ.
• ಕ್ಯಾಲ್ಸಿಯಂ ಗುಳಿಗೆಯನ್ನೂ ಕಬ್ಬಿಣದ ಗುಳಿಗೆಯನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ. ನಡುವೆ ಎರಡು ತಾಸು ಅಂತರವಿರಲಿ.

ಈಗ ಮನೆಯವರಿಗೆ ಒಂದು ಮಾತು. ನೀವು ರೋಗಿಯ ಗಂಡನಿರಬಹುದು, ಅತ್ತೆಯಿರಬಹುದು, ಮಗಳಿರಬಹುದು. ಡಿಸ್ಚಾರ್ಜ್ ಆದ ಮೇಲೆ ಮೊದಲ ಮೂರು ತಿಂಗಳು ಅವರ ಪಾಲಿನ ಪಲ್ಯವನ್ನು ಎಲ್ಲರಿಗಿಂತ ಮೊದಲು ತೆಗೆದಿಡಿ. ಆಗುವುದಾದರೆ ಎಲ್ಲರೂ ಕೂಡಿ ಕುಳಿತು ಉಣ್ಣಿ. ಬಡಿಸುವವರು ಕಡೆಗೆ ಉಣ್ಣುವ ಮನೆಯಲ್ಲಿ ಹಿತ್ತಲು ಎಷ್ಟು ದೊಡ್ಡದಿದ್ದರೂ ಅವರ ರಕ್ತ ಏರುವುದಿಲ್ಲ.

ಮಣ್ಣಿನ ಕೆಲಸದಲ್ಲಿ ಎಚ್ಚರಿಕೆ

ಬರಿಗಾಲಲ್ಲಿ ಬೇಡ. ಬಯಲು ಶೌಚದಿಂದ ಕೆಟ್ಟ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿರುತ್ತವೆ. ಅವು ಅಂಗಾಲಿನ ಚರ್ಮದಿಂದ ಒಳಸೇರಿ ಕರುಳಿಗೆ ಹೋಗಿ ಅಲ್ಲಿ ರಕ್ತ ಹೀರುತ್ತವೆ. ರಕ್ತ ಹೆಚ್ಚಲೆಂದು ತೋಟ ಮಾಡಿ ಅಲ್ಲಿಂದಲೇ ರಕ್ತ ಕಳೆದುಕೊಂಡಂತಾಗಬಾರದು. ಚಪ್ಪಲಿ ಹಾಕಿ, ಕೆಲಸವಾದ ಮೇಲೆ ಸೋಪಿನಿಂದ ಕೈಕಾಲು ತೊಳೆಯಿರಿ. ಜಂತುಹುಳು ನಿವಾರಣೆಗೆ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಗುಳಿಗೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2015ರಿಂದ ಇದೆ. ಅದನ್ನು ತಪ್ಪಿಸಬೇಡಿ.

ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು, ಮುಳ್ಳು ನಟ್ಟರೂ ತಿಳಿಯುವುದಿಲ್ಲ. ಮುಚ್ಚಿದ ಪಾದರಕ್ಷೆ ಹಾಕಿ, ಸಂಜೆ ಪಾದ ತಿರುಗಿಸಿ ನೋಡಿಕೊಳ್ಳಿ. ಕುಡಗೋಲು, ಮುಳ್ಳು ತಾಗಿ ಗಾಯವಾದರೆ ಸೋಪಿನ ನೀರಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ. ಗರ್ಭಿಣಿಯರು ಮಣ್ಣು ಮುಟ್ಟುವಾಗ ಕೈಗವಸು ಹಾಕುವುದು ಒಳ್ಳೆಯದು. ಬೆಕ್ಕಿನ ಮಲ ಸೇರಿದ ಮಣ್ಣಿನಿಂದ ಗರ್ಭದ ಮಗುವಿಗೆ ಸೋಂಕು ತಗಲುವ ಸಂಭವವಿದೆ. ಹೊಟ್ಟೆಯ ಆಪರೇಷನ್ ಆದವರು ವೈದ್ಯರು ಹೇಳುವ ತನಕ ಮಣ್ಣಿನ ಚೀಲ, ನೀರಿನ ಕೊಡ ಎತ್ತಬಾರದು.

ಕುಂಡದ ತಟ್ಟೆ, ಡ್ರಮ್ಮುಗಳಲ್ಲಿ ನಿಂತ ಸ್ವಚ್ಛ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ, ಉಜ್ಜಿ ಒಣಗಿಸಿ.

ಇವರು ವೈದ್ಯರನ್ನು ಕೇಳದೆ ಸೊಪ್ಪು ಹೆಚ್ಚಿಸಬಾರದು

• ಮೂತ್ರಪಿಂಡದ ಕಾಯಿಲೆಯವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು: ಸೊಪ್ಪು, ಟೊಮೆಟೊ, ಹಣ್ಣುಗಳಲ್ಲಿರುವ ಪೊಟ್ಯಾಶಿಯಂ ಇವರ ರಕ್ತದಲ್ಲಿ ಏರಿ ಹೃದಯಕ್ಕೆ ಅಪಾಯ ತರಬಹುದು. ಕಮರಾಕ್ಷಿ (ಧಾರೆಹುಳಿ) ಹಣ್ಣನ್ನು ಇವರು ಮುಟ್ಟಲೇಬಾರದು.
• ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಅಸೆನೊಕುಮರಾಲ್ ಗುಳಿಗೆ ತೆಗೆದುಕೊಳ್ಳುವವರು: ಸೊಪ್ಪಿನಲ್ಲಿರುವ ‘ಕೆ’ ಜೀವಸತ್ವ ಈ ಔಷಧದ ಬಲ ತಗ್ಗಿಸುತ್ತದೆ. ಒಂದು ದಿನ ಬಹಳ, ಒಂದು ದಿನ ಇಲ್ಲ ಎಂದಾಗಬಾರದು. ಪ್ರಮಾಣ ಬದಲಿಸುವ ಮೊದಲು ತಿಳಿಸಿ.
• ಮೂತ್ರಕೋಶದ ಕಲ್ಲು ಇರುವವರು: ಪಾಲಕ್, ಹರಿವೆಯಲ್ಲಿ ಆಕ್ಸಲೇಟ್ ಹೆಚ್ಚು. ಎಷ್ಟು ತಿನ್ನಬೇಕೆಂದು ಕೇಳಿ ತಿಳಿಯಿರಿ.
• ಥಲಸ್ಸೀಮಿಯಾ ಇರುವವರು: ಇವರಿಗೆ ಕಬ್ಬಿಣ ಹೆಚ್ಚಾಗುವುದೇ ಅಪಾಯ. ಕಬ್ಬಿಣದ ಗುಳಿಗೆಯನ್ನು ತಾವಾಗಿ ನುಂಗಬಾರದು.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಬೀಟ್‌ರೂಟ್, ದಾಳಿಂಬೆ ಕೆಂಪಗಿವೆ. ಅವುಗಳಿಂದ ರಕ್ತ ಹೆಚ್ಚುವುದಿಲ್ಲವೇ?
ಉತ್ತರ: ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ. 100 ಗ್ರಾಂ ಬೀಟ್‌ರೂಟ್ ಗಡ್ಡೆಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಂಗಿಂತ ಕಡಿಮೆ, ದಾಳಿಂಬೆಯಲ್ಲಿ ಇನ್ನೂ ಕಡಿಮೆ. ಸಾಲ ಮಾಡಿ ದಾಳಿಂಬೆ ತರುವ ಮನೆಯವರನ್ನು ನಾವು ನೋಡುತ್ತೇವೆ. ಆ ದುಡ್ಡಿಗೆ ಬೇಳೆ, ಶೇಂಗಾ, ಲಿಂಬೆಹಣ್ಣು ತನ್ನಿ.

ಪ್ರಶ್ನೆ: ನಾವು ಶಾಕಾಹಾರಿಗಳು. ಸೊಪ್ಪಿನಿಂದ ರಕ್ತಕ್ಕೆ ಬೇಕಾದದ್ದೆಲ್ಲ ಸಿಗುತ್ತದೆಯೇ?
ಉತ್ತರ: ಇಲ್ಲ. ರಕ್ತಕ್ಕೆ ಬಿ-12 ಜೀವಸತ್ವವೂ ಬೇಕು, ಅದು ಯಾವ ಸೊಪ್ಪಿನಲ್ಲಿಯೂ ಇಲ್ಲ. ಹಾಲು, ಮೊಸರು, ಮಜ್ಜಿಗೆಯನ್ನು ದಿನಾಲು ಬಳಸಿ. ಕೈಕಾಲು ಜುಮುಗುಡುವುದು, ನಾಲಿಗೆ ಉರಿ, ಮರೆವು ಇದ್ದರೆ ವೈದ್ಯರಿಗೆ ಹೇಳಿ. ಬಿ-12 ಕೊರತೆಗೆ ಬೇರೆ ಚಿಕಿತ್ಸೆ ಇದೆ.

ಪ್ರಶ್ನೆ: ಚಕ್ರಮುನಿ ಸೊಪ್ಪಿನ ಹಸಿ ರಸ ಕುಡಿಯಬಹುದೇ?
ಉತ್ತರ: ಬೇಡ. ಬೇಯಿಸಿ, ಬೇರೆ ಸೊಪ್ಪಿನಂತೆ ಆಗಾಗ ಸ್ವಲ್ಪ ತಿನ್ನಿ. 1990ರ ದಶಕದ ಮಧ್ಯದಲ್ಲಿ ತೈವಾನ್ ದೇಶದಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶಗಳು ಸರಿಪಡಿಸಲಾಗದಂತೆ ಹಾಳಾದವು.

ಪ್ರಶ್ನೆ: ಸೊಪ್ಪು, ಗುಳಿಗೆ ಎರಡೂ ನಡೆದಿವೆ, ಆದರೂ ರಕ್ತ ಏರುತ್ತಿಲ್ಲ. ಏಕೆ?
ಉತ್ತರ: ಎಲ್ಲೋ ರಕ್ತ ಸೋರುತ್ತಿರಬಹುದು. ಮುಟ್ಟಿನಲ್ಲಿ ಅತಿಯಾದ ಸ್ರಾವ, ಮೂಲವ್ಯಾಧಿ, ಹೊಟ್ಟೆಯ ಹುಣ್ಣು, ಕೊಕ್ಕೆಹುಳು ಸಾಮಾನ್ಯ ಕಾರಣಗಳು. ವಯಸ್ಸಾದವರಲ್ಲಿ ಕರುಳಿನ ಗಡ್ಡೆಯೂ ಇರಬಹುದು. ಇದನ್ನು ಮನೆಯಲ್ಲಿ ಊಹಿಸಲು ಆಗುವುದಿಲ್ಲ, ತಪಾಸಣೆಗೆ ಬನ್ನಿ. ಕುಳಿತಲ್ಲೇ ಏದುಸಿರು, ಎದೆನೋವು, ಕಾಲು ಬಾವು, ಕಣ್ಣು ಕತ್ತಲೆ ಬಂದು ಬೀಳುವುದು ಇದ್ದರೆ ಅದೇ ದಿನ ಬರಬೇಕು.

ಕೊನೆಯ ಮಾತು

ಮೇಲೆ ಹೇಳಿದ ತಾಯಿ ಎರಡನೆಯ ಸಲ ಮನೆಗೆ ಹೋಗುವ ದಿನ ಅವರ ಯಜಮಾನರನ್ನೂ ಅತ್ತೆಯನ್ನೂ ಕೂಡಿಸಿ ಇದಿಷ್ಟನ್ನೂ ಹೇಳಿದೆವು. ಅವರಿಗೆ ಬೇರೆ ಗುಳಿಗೆ ಬರೆದುಕೊಟ್ಟಿದ್ದರು. ಮೂರು ತಿಂಗಳ ನಂತರ ತಪಾಸಣೆಗೆ ಬಂದಾಗ ಹಿಮೋಗ್ಲೋಬಿನ್ 10.8 ಇತ್ತು. ಇನ್ನೂ 12 ಆಗಿರಲಿಲ್ಲ, ಗುಳಿಗೆ ಮುಂದುವರಿಯಿತು. “ಈಗ ನಮ್ಮತ್ತಿನ ನನಗ ಮೊದ್ಲ ತಟ್ಟಿ ಹಚ್ತಾರ್ರಿ,” ಎಂದು ಸ್ವಲ್ಪ ನಾಚಿಕೊಂಡೇ ಹೇಳಿದರು. ಸೊಪ್ಪು ಈಗಲೂ ಸಂತೆಗೆ ಹೋಗುತ್ತದಂತೆ, ಮನೆಯ ಪಾಲು ತೆಗೆದ ಮೇಲೆ.

ನೆನಪಿಡಿ:

• ಗುಳಿಗೆಯನ್ನು ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಮಕ್ಕಳ ಕೈಗೆ ಸಿಗದಂತೆ ಇಡಿ.
• ಮೂರು ಚೀಲ ಹರಿವೆಯನ್ನು ಹತ್ತು ದಿನಕ್ಕೊಂದರಂತೆ ಬಿತ್ತಿ. ಒಂದು ನುಗ್ಗೆ ನೆಡಿ.
• ಪಲ್ಯದ ಮೇಲೆ ಲಿಂಬೆ ಹಿಂಡಿ. ಚಹಾ ಒಂದು ತಾಸು ತಡವಾಗಲಿ.
• ತೋಟದಲ್ಲಿ ಚಪ್ಪಲಿ ಹಾಕಿ.
• ರಕ್ತ ಕಡಿಮೆ ಇರುವವರಿಗೆ ಮೊದಲು ಬಡಿಸಿ.

ಮುಂದಿನ ತಪಾಸಣೆಗೆ ಬರುವಾಗ ಡಿಸ್ಚಾರ್ಜ್ ಚೀಟಿ, ಉಳಿದ ಗುಳಿಗೆಯ ಪಟ್ಟಿ ಎರಡನ್ನೂ ತನ್ನಿ. ಗುಳಿಗೆ ಬಿಟ್ಟಿದ್ದರೆ ಮುಚ್ಚಿಡಬೇಡಿ, ನಾವು ಬೈಯುವುದಿಲ್ಲ. ಯಾಕೆ ಬಿಟ್ಟಿರಿ ಎಂದು ತಿಳಿದರೆ ಮಾತ್ರ ದಾರಿ ಹುಡುಕಬಹುದು. ಓದಲು ಬಾರದವರು ವಾರ್ಡಿನ ಯಾವ ಸಿಸ್ಟರನ್ನಾದರೂ ಕೇಳಿ, ಈ ಪುಟಗಳನ್ನು ಓದಿ ಹೇಳುತ್ತಾರೆ.